ಸ್ಟೋರೇಜ್ ರೂಟರ್ ಕೂಡಿಸಿಕೊಳ್ಳುವವರು ಪೂರಾ ದುಡ್ಡು ಕೊಡುವ ಮೊದಲು ಇದನ್ನು ಓದಿ

ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಟೋರೇಜ್ ರೂಟರ್ ಹಾಕಿಸಿಕೊಳ್ಳುವ ಆಸ್ಪತ್ರೆ, ಆಫೀಸಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೂಡಿಸಿಕೊಟ್ಟವರ ಹೆಸರು ಹಾಕುವುದಿಲ್ಲ, ಇನ್‌ಬಾಕ್ಸಿನಲ್ಲೂ ಕೇಳಬೇಡಿ.

ನಮ್ಮದು ಸ್ಕ್ಯಾನಿಂಗ್ ಸೆಂಟರ್. ಚಿತ್ರಗಳೆಲ್ಲ ಇರುವುದು ಹಳೆಯ ಡಿಸ್ಕ್ ಅರೇಯಲ್ಲಿ, ಅಂದರೆ ಹಲವು ಡಿಸ್ಕ್ ಇರುವ ಪೆಟ್ಟಿಗೆಯಲ್ಲಿ. ಅದಕ್ಕಿರುವುದು ಫೈಬರ್ ಚಾನೆಲ್ ಪೋರ್ಟ್ (ಸ್ಟೋರೇಜಿಗೆಂದೇ ಇರುವ ಜೋಡಣೆ), ಸರ್ವರಿಗಿರುವುದು ಮಾಮೂಲಿ ನೆಟ್‌ವರ್ಕಿನ ಈಥರ್‌ನೆಟ್. ಎರಡೂ ನೇರ ಕೂಡುವುದಿಲ್ಲ. ನಡುವೆ ಸ್ಟೋರೇಜ್ ರೂಟರ್ (ಐ-ಸ್ಕಸಿ ಎಂಬ ವಿಧಾನದಲ್ಲಿ ಡಿಸ್ಕನ್ನು ಈಥರ್‌ನೆಟ್ ಮೇಲೆ ಕೊಡುವ ಪೆಟ್ಟಿಗೆ) ಇಟ್ಟರೆ ಆ ಡಿಸ್ಕು ಸರ್ವರಿನದೇ ಎಂಬಂತೆ ಕೆಲಸ ಮಾಡುತ್ತದೆ. ಅಲ್ಲಿಗೆ ಎಲ್ಲ ಸರಿ.

ಕೂಡಿಸಲು ವೆಂಡರಿನ ಹುಡುಗ ಬಂದ, ರೂಟರಿನ ಎರಡೂ ಪವರ್ ಕೇಬಲ್ ಒಂದೇ ಸ್ಪೈಕ್ ಬಸ್ಟರಿಗೆ ಚುಚ್ಚಿದ. ಎರಡು ಪವರ್ ಸಪ್ಲೈ ಕೊಟ್ಟಿರುವುದೇ ಒಂದು ಲೈನ್ ಹೋದರೆ ಇನ್ನೊಂದು ಇರಲಿ ಎಂದು. ಹಿಂದಿನ ಅರ್ಥಿಂಗ್ ಸ್ಕ್ರೂಗೆ ವೈರೇ ಇಲ್ಲ. ರ‍್ಯಾಕ್ ಮುಟ್ಟಿದರೆ ಜುಂ ಎನ್ನುತ್ತಿತ್ತು. "ಅಷ್ಟ್ ಇರ್ತದ ಬಿಡ್ರಿ ಸರ" ಎಂದ. ನಮ್ಮ ಎಲೆಕ್ಟ್ರಿಷಿಯನ್ ಕಾಕಾ ನ್ಯೂಟ್ರಲ್-ಅರ್ಥ್ ನಡುವೆ ಮೀಟರ್ ಹಿಡಿದರೆ 40 ವೋಲ್ಟ್ ದಾಟಿತು. ಎರಡು-ಮೂರರೊಳಗೆ ಇರಬೇಕಾದದ್ದು! "ಬ್ಯಾಸಗ್ಯಾಗ ಎರಿ ಮಣ್ಣ ಬಿರಿತಂದ್ರ ರಾಡ್ ಬ್ಯಾರೆ, ಮಣ್ಣ ಬ್ಯಾರೆ ಆಗ್ತದ್ರಿ" ಎಂದು ಕಾಕಾ ಪಿಟ್ ಅಗೆಸಿ, ನೀರು ಬಿಟ್ಟು, ರ‍್ಯಾಕಿಗೆ ಬೇರೆ ವೈರ್ ಎಳೆದರು.

ಇದು ಸಣ್ಣದು. ದೊಡ್ಡದು ಆಮೇಲೆ ಆಯಿತು.

ಒಂದು ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯೂ ಇಳಿಯಿತು. ಕರೆಂಟ್ ಬಂದಾಗ ಎಲ್ಲ ಒಟ್ಟಿಗೇ ಆನ್. ಅರೇ ಇನ್ನೂ ಡಿಸ್ಕ್ ತಿರುಗಿಸಿಕೊಳ್ಳುತ್ತಿರುವಾಗಲೇ ಸರ್ವರ್ ಎದ್ದು ಕೂತಿತ್ತು. ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು ಎಂದು ಆ ಹುಡುಗ ಸೆಟ್ಟಿಂಗ್ ಮಾಡಿಟ್ಟಿದ್ದರಿಂದ ಎರರ್ ಕೂಡ ಇಲ್ಲ. ಅರೇಯ ಡಿಸ್ಕ್ ಬಂದು ಕೂರಬೇಕಿದ್ದ ಅದೇ ಹೆಸರಿನ ಖಾಲಿ ಫೋಲ್ಡರಿಗೆ, ಸರ್ವರಿನ ಸ್ವಂತ ಡಿಸ್ಕಿಗೆ, ಬೆಳಗಿನ ಸ್ಕ್ಯಾನುಗಳೆಲ್ಲ ಹೋಗಿ ಬಿದ್ದವು. "ಹಳೆ ಪೇಷಂಟಿನ ಸ್ಕ್ಯಾನ್ ಕಾಣವಲ್ದು" ಎಂದು ಟೆಕ್ನಿಷಿಯನ್ ಹೇಳಿದಾಗ ವೆಂಡರಿಗೆ ಫೋನ್ ಮಾಡಿದೆವು. "ರೀಸ್ಟಾರ್ಟ್ ಮಾಡ್ರಿ." ಮಾಡಿದೆವು. ಹಳೆಯವು ಬಂದವು, ಬೆಳಗಿನವು ಮಾಯ!

ಅವು ಅಳಿದಿರಲಿಲ್ಲ. ಅದೇ ಫೋಲ್ಡರಿನ ಮೇಲೆ ಅರೇಯ ಡಿಸ್ಕ್ ಮೌಂಟ್ ಆಗಿ (ಬಂದು ಕೂತು) ಮುಚ್ಚಿಹೋಗಿದ್ದವು. ಬೇರೊಬ್ಬ ಎಂಜಿನಿಯರ್ ಅನ್‌ಮೌಂಟ್ ಮಾಡಿ ತೋರಿಸಿದರು. ಅಷ್ಟರಲ್ಲಿ ಜೇವರ್ಗಿಯ ಅಜ್ಜಿಯೊಬ್ಬರನ್ನು ವಾಪಸ್ ಕರೆಸಿ ಸಿಟಿ ಸ್ಕ್ಯಾನ್ ಮತ್ತೊಮ್ಮೆ ಮಾಡಿಯಾಗಿತ್ತು. ಬೇಡದ ರೇಡಿಯೇಶನ್, ಬೇಡದ ಬಸ್ ಖರ್ಚು.

ಹಾಗಾಗಿ ಮೊದಲು ಅರೇ ಆನ್ ಮಾಡಿ, ಡಿಸ್ಕುಗಳ ಲೈಟ್ ಮಿನುಗುವುದು ನಿಲ್ಲುವವರೆಗೆ ಕಾಯಿರಿ. ಆಮೇಲೆ ರೂಟರ್. ಲ್ಯಾಪ್‌ಟಾಪಿನಿಂದ ರೂಟರಿನ ಸೆಟ್ಟಿಂಗ್ ಪೋರ್ಟಿಗೆ ಕನ್ಸೋಲ್ ಕೇಬಲ್ ಹಾಕಿ (ವೇಗ ಸಾಮಾನ್ಯವಾಗಿ 9600 ಬಾಡ್) ಡಿಸ್ಕ್ ಕಾಣುತ್ತಿವೆಯೇ ನೋಡಿ. ಸರ್ವರ್ ಕೊನೆಗೆ. ಆಫ್ ಮಾಡುವಾಗ ಉಲ್ಟಾ. ಕರೆಂಟ್ ಬಂದೊಡನೆ ತಾನೇ ಆನ್ ಆಗುವುದನ್ನು ಸರ್ವರಿನ ಬಯಾಸ್‌ನಲ್ಲಿ ತೆಗೆಸಿ. ಡಿಸ್ಕ್ ಮೌಂಟ್ ಆಗದಿದ್ದರೆ ಸಾಫ್ಟ್‌ವೇರ್ ಶುರುವಾಗಬಾರದು, ಇದನ್ನು ಬರೆದೇ ಕೊಡಿ. ಫೈಬರ್ ತುದಿಯ ಕ್ಯಾಪ್ ಎಸೆಯಬೇಡಿ, ನಮ್ಮೂರ ಧೂಳು ಗೊತ್ತಲ್ಲ. ಆ ತುದಿಯೊಳಗೆ ಇಣುಕಲೂ ಬೇಡಿ, ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ಕೊನೆಯ ಕಂತು ಕೊಡುವ ಮೊದಲು ಎಲ್ಲವನ್ನೂ ಆಫ್ ಮಾಡಿಸಿ, ನಿಮ್ಮೆದುರೇ ಮತ್ತೆ ಆನ್ ಮಾಡಿಸಿ. ಕಾನ್ಫಿಗರೇಶನ್ ಕಾಪಿ, ಅಡ್ಮಿನ್ ಪಾಸ್‌ವರ್ಡ್ ಎರಡೂ ಕೈಗೆ ಬರಲಿ. ನಮ್ಮದರ ಪಾಸ್‌ವರ್ಡ್ ಇನ್ನೂ ಅವರ ಹತ್ತಿರವೇ ಇದೆ, ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಮಾಡಿಸಿದರೆ ಕೊಡುತ್ತಾರಂತೆ.