ರಥಬೀದಿ ಹತ್ತಿರದ ಹೋಟೆಲಿನಲ್ಲಿ ಕೋಷರ್ ಊಟ ಕೇಳಿದಾಗ

ಪತ್ರೊಡೆ ತುಂಬಾ ಚೆನ್ನಾಗಿದೆ. ಕಾಫಿ ಪರವಾಗಿಲ್ಲ. ಸಾಂಬಾರಿಗೆ ಬೆಲ್ಲ ಸ್ವಲ್ಪ ಜಾಸ್ತಿ. ಆದ್ರೂ ಈ ಹೋಟೆಲಿಗೆ 5 ಸ್ಟಾರ್ ಕೊಟ್ಟಿದ್ದೇನೆ, ಅದು ರುಚಿಗಿಂತ ಜಾಸ್ತಿ ಅಡುಗೆ ಭಟ್ರು ಕೊಟ್ಟ ಉತ್ತರಕ್ಕೆ.

ಕಳೆದ ಸೆಪ್ಟೆಂಬರ್ ಕೊನೆಗೆ ತಂಗಿಯ ಆಫೀಸಿನವರೊಬ್ಬರು ಇಸ್ರೇಲಿನಿಂದ ಉಡುಪಿಗೆ ಬಂದಿದ್ದರು. ಅವರು ಯಹೂದಿ, ತಮ್ಮ ಧರ್ಮದ ಆಹಾರ ನಿಯಮಕ್ಕೆ ಸರಿಹೊಂದುವ ಕೋಷರ್ ಊಟ ಬಿಟ್ಟು ಬೇರೆ ತಿನ್ನುವವರಲ್ಲ. ಮೊದಲು ಹೋದ ಇನ್ನೊಂದು ಕಡೆ ಕೌಂಟರಿನವರು ನಾವು ಕೇಳಿ ಮುಗಿಸುವ ಮೊದಲೇ "ಪ್ಯೂರ್ ವೆಜ್ ಸಾರ್, ಏನೂ ತೊಂದರೆ ಇಲ್ಲ" ಅಂದುಬಿಟ್ಟರು. ನಾನೂ ಹಾಗೇ ಅಂದುಕೊಂಡಿದ್ದೆ, ಮಾಂಸ ಇಲ್ಲದಿದ್ರೆ ಮುಗೀತಲ್ವಾ ಅಂತ. ಅತಿಥಿ ನೀರು ಕುಡಿದು ಎದ್ದರು.

ಹೀಬ್ರೂ ಭಾಷೆಯಲ್ಲಿ ಕೋಷರ್ ಅಂದ್ರೆ ತಕ್ಕದ್ದು, ಸರಿಯಾದದ್ದು. ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಬಂದು ಪ್ರಾರ್ಥನೆ ಮಾಡಿದ ಕೂಡಲೇ ಊಟ ಕೋಷರ್ ಆಗುವುದಿಲ್ಲ. ಪ್ರಾಣಿಯ ಗೊರಸು ಸೀಳಿರಬೇಕು, ಅದು ಮೆಲುಕೂ ಹಾಕಬೇಕು. ಹಾಗಾಗಿ ಆಡು, ಕುರಿ ಸರಿ, ಹಂದಿ ಆಗುವುದಿಲ್ಲ. ಮೀನಿಗೆ ರೆಕ್ಕೆಯೂ ಹುರುಪೆಯೂ ಇರಬೇಕು. ಮಲ್ಪೆಯಲ್ಲಿ ಸಿಗುವ ಬಂಗುಡೆ, ಬೂತಾಯಿ ಆಗುತ್ತದೆ. ಸಿಗಡಿ, ಏಡಿ, ಮರುವಾಯಿ ಯಾವುದೂ ಆಗುವುದಿಲ್ಲ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಅಂತ ಯಹೂದಿಗಳ ಧರ್ಮಗ್ರಂಥ ತೋರಾದಲ್ಲಿ 3 ಸಲ ಬರುತ್ತದೆ. ಅದರಿಂದಲೇ ಮಾಂಸಕ್ಕೆ ಒಂದು ಪಾತ್ರೆ, ಹಾಲಿಗೆ ಇನ್ನೊಂದು, ಮಾಂಸ ತಿಂದರೆ ಈ ಅತಿಥಿಯ ಮನೆಯಲ್ಲಿ ಹಾಲು ಮುಟ್ಟಲು 6 ಗಂಟೆ ಕಾಯಬೇಕು. ಕೇಳುವಾಗ ನನಗೆ ಅಜ್ಜಿಯ ಮುಸುರೆ ನೆನಪಾಯಿತು, ಅನ್ನ ಮುಟ್ಟಿದ ಕೈ ತೊಳೆಯದೆ ನಾವು ಮೊಸರಿನ ಪಾತ್ರೆ ಹತ್ತಿರ ಹೋಗುವಂತಿರಲಿಲ್ಲ. ಎರಡರ ಶಾಸ್ತ್ರ ಬೇರೆ ಅಂತ ಗೊತ್ತು. ಆದ್ರೂ ಅವರ ಅಡುಗೆಮನೆ ಕಣ್ಣಿಗೆ ಕಟ್ಟಿದ್ದು ಅಜ್ಜಿಯಿಂದಲೇ.

ಸಸ್ಯಾಹಾರಿ ಅಡುಗೆಯಲ್ಲೂ ಅವರಿಗೆ ಪ್ರಶ್ನೆಗಳಿವೆ. ಸೊಪ್ಪಿನಲ್ಲಿ ಹುಳ ಇರಬಾರದು. ಚೀಸ್ ಆದ್ರೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿದ್ದಾರಾ ನೋಡಬೇಕು. ಪಾತ್ರೆಯಲ್ಲಿ ಮೊದಲು ಏನು ಬೆಂದಿತ್ತು, ಒಲೆ ಹಚ್ಚಿದವರು ಯಾರು, ಇದೂ ಲೆಕ್ಕಕ್ಕೆ ಬರುತ್ತದೆ.

ಈ ಹೋಟೆಲಿನಲ್ಲಿ ಅದನ್ನೆಲ್ಲ ಹೇಳಿದಾಗ ಭಟ್ರು ಪೂರ್ತಿ ಕೇಳಿಸಿಕೊಂಡರು. "ನಮ್ಮದು ಸಸ್ಯಾಹಾರಿ ಹೌದು, ಆದ್ರೆ ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ ಮಾರಾಯ್ರೆ. ಏನೇನು ಆಗಬೇಕು ಹೇಳಿ, ಆಗುವುದನ್ನು ಮಾಡುವ. ಆಗದ್ದು ಆಗುವುದಿಲ್ಲ ಅಂತ ಹೇಳ್ತೇನೆ." ಗೊತ್ತಿಲ್ಲ ಅಂತ ಕೌಂಟರಿನಲ್ಲಿ ನಿಂತು ಹೇಳುವವರು ಎಷ್ಟು ಜನ ಇದ್ದಾರೆ?

ಅತಿಥಿ ಹೊಸ ಸ್ಟೀಲ್ ಪಾತ್ರೆ, ಸೌಟು ತಂದಿದ್ದರು. ಹಿಂದಿನ ದಿನವೇ ಮಲ್ಪೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು, ಪ್ರಾರ್ಥನೆ ಹೇಳಿ, ಎರಡನ್ನೂ ಸಮುದ್ರದಲ್ಲಿ ಪೂರ್ತಿ ಮುಳುಗಿಸಿದ್ದರು. ಯಹೂದಿಗಳಲ್ಲದವರಿಂದ ಕೊಂಡ ಲೋಹದ ಪಾತ್ರೆಗೆ ಹಾಗೆ ಮಾಡಬೇಕಂತೆ, ಅದಕ್ಕೆ ಸಮುದ್ರದ ನೀರು ಆಗುತ್ತದೆ. ಭಟ್ರು ಅಕ್ಕಿ, ಹೆಸರುಬೇಳೆ ಮೊರದಲ್ಲಿ ಹರಡಿ ಅವರ ಎದುರೇ ಆರಿಸಿದರು. ಗ್ಯಾಸ್ ಲೈಟರ್ ಅವರ ಕೈಗೇ ಕೊಟ್ಟರು, ಯಾಕಂದ್ರೆ ಅವರ ಸಂಪ್ರದಾಯದಲ್ಲಿ ಬೆಂಕಿ ಹಚ್ಚಿದ್ದು ಯಹೂದಿಯಾದರೆ ಸಾಕು. ಉಪ್ಪು, ಕಾಳುಮೆಣಸು ಹಾಕಿದ ಹುಗ್ಗಿ ಆಯಿತು. ತಟ್ಟೆಯ ಚಿಂತೆಯೇ ಬರಲಿಲ್ಲ, ಬಾಳೆ ಎಲೆ ಇತ್ತಲ್ಲ.

ಅದು ಬೇಯುವಾಗ ಪಕ್ಕದಲ್ಲಿ ಪತ್ರೊಡೆಗೆ ಕೆಸುವಿನ ಎಲೆ ರೆಡಿ ಆಗುತ್ತಿತ್ತು. ಭಟ್ರು ಒಂದೊಂದೇ ಎಲೆ ತಿರುಗಿಸಿ, ಕಿಟಕಿ ಬೆಳಕಿಗೆ ಹಿಡಿದು, ನಾರಿನ ಹತ್ತಿರ ಹುಳ ಇದೆಯಾ ಅಂತ ನೋಡುತ್ತಿದ್ದರು. ಅತಿಥಿ ಹತ್ತಿರ ಹೋಗಿ ನಿಂತರು. "ನಮ್ಮ ಅಮ್ಮನೂ ಸೊಪ್ಪನ್ನು ಹೀಗೇ ಬೆಳಕಿಗೆ ಹಿಡಿದು ನೋಡುತ್ತಾರೆ" ಅಂದರು. ಪತ್ರೊಡೆ ಮಾತ್ರ ಅವರು ತಿನ್ನಲಿಲ್ಲ, ಬೆಂದದ್ದು ಹೋಟೆಲಿನ ಪಾತ್ರೆಯಲ್ಲಿ ಅಲ್ವಾ. ಭಟ್ರು ಒತ್ತಾಯ ಮಾಡಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ.

ಹುಗ್ಗಿಗೆ 60 ರೂಪಾಯಿ ತಗೊಂಡರು. ಇಂಥ ಅತಿಥಿ ಇದ್ದರೆ ಹಿಂದಿನ ದಿನವೇ ಹೋಗಿ ಹೇಳಿ, ಬೆಳಿಗ್ಗೆ 10ರಿಂದ 11ರ ಒಳಗೆ ಬನ್ನಿ. ಮಧ್ಯಾಹ್ನದ ಊಟ ಶುರುವಾದ ಮೇಲೆ ಭಟ್ರಿಗೆ ತಲೆ ಎತ್ತಲು ಪುರುಸೊತ್ತಿಲ್ಲ.