ಆರೈಕೆ ಕೇಂದ್ರದ ಶುಲ್ಕಕ್ಕೆ ಅಂಚೆ ಕಚೇರಿಯ ಬಡ್ಡಿ ಸಾಲುತ್ತದೆಯೇ?

ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಸಿಗುವ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಹೊಗಳುವವರು ಬಡ್ಡಿ ದರವೊಂದನ್ನೇ ಹಿಡಿದು ಹೊಗಳುತ್ತಾರೆ. ನನಗೆ ಬೇಕಾಗಿದ್ದ ಲೆಕ್ಕ ಬೇರೆ. ಅಮ್ಮನಿಗೆ 79 ವರ್ಷ, ಪಾರ್ಕಿನ್ಸನ್ ಕಾಯಿಲೆ. ದೀಪಾವಳಿ ಕಳೆದ ಮೇಲೆ ಅವಳನ್ನು ಶಿವಮೊಗ್ಗದ ಆರೈಕೆ ಕೇಂದ್ರವೊಂದಕ್ಕೆ ಸೇರಿಸುವುದೆಂದು, ಅವಳೂ ಒಪ್ಪಿದ ಮೇಲೆ, ನಿರ್ಧಾರವಾಗಿದೆ. ಶುಲ್ಕ ತಿಂಗಳಿಗೆ 36,000 ರೂಪಾಯಿ. ಔಷಧಿ, ಡೈಪರ್, ಫಿಸಿಯೋಥೆರಪಿ ಅದರಲ್ಲಿ ಸೇರಿಲ್ಲ.

ಅಡಿಕೆ ತೋಟದಲ್ಲಿ ಅಮ್ಮನ ಪಾಲು ಮಾರಿ ಬಂದ ಹಣದಲ್ಲಿ 30 ಲಕ್ಷವನ್ನು ಈ ಯೋಜನೆಯಲ್ಲಿ ಇಟ್ಟೆವು. ಒಬ್ಬರ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ; 2023ರ ಏಪ್ರಿಲ್‌ಗೆ ಮುಂಚೆ ಮಿತಿ 15 ಲಕ್ಷವೇ ಇತ್ತು. ನಾವು ಇಟ್ಟಾಗ ದರ ಶೇ 8.2. ಅಂದರೆ ವರ್ಷಕ್ಕೆ 2,46,000, ತಿಂಗಳಿಗೆ 20,500. ಅಪ್ಪನ ಕುಟುಂಬ ಪಿಂಚಣಿ 17,000 ಕೂಡಿಸಿದರೆ ಶುಲ್ಕ ಕಳೆದು ಒಂದೂವರೆ ಸಾವಿರ ಉಳಿಯುತ್ತದೆ. ಔಷಧಿ, ಡೈಪರಿನ ಖರ್ಚು ನನಗೂ ತಮ್ಮನಿಗೂ ಅರ್ಧರ್ಧ. ಮೂಲಧನಕ್ಕೆ ಸರ್ಕಾರದ ಖಾತರಿ ಇರುವುದರಿಂದ ರಾತ್ರಿ ನಿದ್ದೆಯೂ ಬರುತ್ತದೆ.

ಬಡ್ಡಿ ಬರುವುದು ಮಾತ್ರ ಮೂರು ತಿಂಗಳಿಗೊಮ್ಮೆ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ಕೆಲಸದ ದಿನ. ಕೇಂದ್ರದವರಿಗೆ ಪ್ರತಿ ತಿಂಗಳು ಐದರೊಳಗೆ ಕಟ್ಟಬೇಕು. ಹಾಗಾಗಿ ಅಮ್ಮನ ಉಳಿತಾಯ ಖಾತೆಯಲ್ಲಿ ಒಂದು ಕಂತಿನಷ್ಟು ಹಣ ಯಾವಾಗಲೂ ಬಿದ್ದಿರಲೇಬೇಕು. ಇದು ಸಣ್ಣ ತಕರಾರು.

ದೊಡ್ಡ ತಕರಾರು ಎರಡಿವೆ. ಇಟ್ಟ ದಿನದ ದರ ಐದು ವರ್ಷ ಕದಲುವುದಿಲ್ಲ. ದರ ಇಳಿಯುವ ಕಾಲದಲ್ಲಿ ಅದು ಲಾಭವೇ. ಆದರೆ ಕೇಂದ್ರದ ಶುಲ್ಕ ವರ್ಷಕ್ಕೆ ಶೇ 10 ಏರುತ್ತದೆಂದು ಒಪ್ಪಂದದ ಕೊನೆಯ ಪುಟದಲ್ಲಿ ಬರೆದಿದೆ (ಇಂಥದ್ದೆಲ್ಲ ಕೊನೆಯ ಪುಟದಲ್ಲೇ ಇರುತ್ತದೆ). ಆ ಲೆಕ್ಕದಲ್ಲಿ ನಾಲ್ಕನೆಯ ವರ್ಷದ ಶುಲ್ಕ ಸುಮಾರು 48,000. ಬಡ್ಡಿ ಅದೇ 20,500. ಪಿಂಚಣಿ ಒಂದಿಷ್ಟು ಏರಿದರೂ ಅಂತರ ನಮ್ಮ ತಲೆಯ ಮೇಲೆಯೇ. ತಮ್ಮನಿಗೆ ಇದನ್ನು ಈಗಲೇ ಕಾಗದದ ಮೇಲೆ ಬರೆದು ತೋರಿಸಿದ್ದೇನೆ. ಅವನು ಮುಖ ಸಣ್ಣದು ಮಾಡಿಕೊಂಡ. ಮಾಡಿಕೊಳ್ಳಲಿ.

ಇನ್ನೊಂದು, ಜಂಟಿ ಖಾತೆ ಗಂಡ ಹೆಂಡತಿಗೆ ಮಾತ್ರ. ಅಪ್ಪ ಇಲ್ಲದ ಮೇಲೆ ಅಮ್ಮನ ಜೊತೆ ನಾನು ಸೇರಲಾರೆ. ನಾಮಿನಿಯಾಗಬಹುದು, ಆದರೆ ನಾಮಿನಿಗೆ ಕೆಲಸ ಬರುವುದು ಅಮ್ಮ ಹೋದ ಮೇಲೆ. ಆಸ್ಪತ್ರೆಗೆಂದು ನಡುವೆ ಹಣ ಮುರಿಯಬೇಕಾದರೆ ಅಮ್ಮನ ಸಹಿಯೋ ಅವಳೇ ಕೊಟ್ಟ ಅಧಿಕಾರ ಪತ್ರವೋ ಬೇಕು. ಪಾರ್ಕಿನ್ಸನ್‌ನಲ್ಲಿ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ, ಸಹಿ ಹೊಂದುವುದಿಲ್ಲ. ಮುಂದೆ ಬುದ್ಧಿಗೂ ಮಂಕು ಕವಿದರೆ ಸಾಮಾನ್ಯ ಮುಖ್ತ್ಯಾರ್‌ನಾಮೆಯೂ (ಪವರ್ ಆಫ್ ಅಟಾರ್ನಿ) ಕಾನೂನಿನಲ್ಲಿ ನಿಲ್ಲುವುದಿಲ್ಲ. ಮಕ್ಕಳು ಪಾಲಕರಾಗಿ ನೇಮಿಸಿ ಎಂದು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಅದಕ್ಕೇ ಉಯಿಲು, ನಾಮನಿರ್ದೇಶನ, ಬ್ಯಾಂಕಿನಲ್ಲಿ ಹೊಸ ಸಹಿಯ ಮಾದರಿ, ಎಲ್ಲವನ್ನೂ ಈ ತಿಂಗಳೇ ಮುಗಿಸಿದೆವು.

ಖಾತೆಯಿಂದ ಸ್ವಲ್ಪ ಸ್ವಲ್ಪವಾಗಿ ಅಸಲು ತೆಗೆಯಲು ಅವಕಾಶವಿಲ್ಲ, ಮುರಿದರೆ ಪೂರ್ತಿ ಮುರಿಯಬೇಕು. ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ, ಕೊಟ್ಟದ್ದನ್ನೂ ಹಿಡಿದುಕೊಳ್ಳುತ್ತಾರೆ. ಎರಡನೆಯ ವರ್ಷದಲ್ಲಾದರೆ ಅಸಲಿನ ಶೇ 1.5, ಆಮೇಲೆ ಶೇ 1 ಕಡಿತ. ಈ ಕಾರಣಕ್ಕೆ ಒಂದೇ ಗಂಟು ಕಟ್ಟದೆ 20 ಲಕ್ಷವನ್ನು ಅಂಚೆ ಕಚೇರಿಯಲ್ಲಿ, 10 ಲಕ್ಷವನ್ನು ಬ್ಯಾಂಕಿನಲ್ಲಿ ಇದೇ ಯೋಜನೆಯಡಿ ಇಟ್ಟಿದ್ದೇವೆ. ಅಗತ್ಯ ಬಿದ್ದರೆ ಚಿಕ್ಕದನ್ನು ಮುರಿಯುವುದು. 70 ದಾಟಿದವರ ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂದು ಹೇಳುವವರಿದ್ದಾರೆ. ಅದು ಆಸ್ಪತ್ರೆಯ ದಾಖಲಾತಿಗೆ, ಆರೈಕೆ ಕೇಂದ್ರದ ತಿಂಗಳ ಬಿಲ್ಲಿಗಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕೈಯಲ್ಲಿ ಇರುವುದೇ ಹತ್ತು ಲಕ್ಷವಾದರೆ ಅಷ್ಟನ್ನೂ ಇದಕ್ಕೆ ಹಾಕಬೇಡಿ. ಆರು ತಿಂಗಳ ಶುಲ್ಕ ಮತ್ತು ಕೇಂದ್ರದವರು ಕೇಳುವ ಮುಂಗಡವನ್ನು ಮೊದಲು ಬೇರೆ ಎತ್ತಿಡಿ. ನಮ್ಮಲ್ಲಿ ಮುಂಗಡವೇ ಒಂದೂವರೆ ಲಕ್ಷ ಕೇಳಿದ್ದಾರೆ.