ಮದುವೆ ಮನೆಯ ಕ್ಯಾಮೆರಾವನ್ನು ನಾಟಕಕ್ಕೆ ತರಬೇಡಿ

ರಂಗದ ಮೇಲೆ ಮೂರು ನಾಲ್ಕು ಕ್ಯಾಮೆರಾ ಇಟ್ಟು, ನಟರ ಮುಖವನ್ನೋ ಕೈಯನ್ನೋ ಆ ಕ್ಷಣದಲ್ಲೇ ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ಆಸೆ ಬೆಂಗಳೂರಿನ ಹವ್ಯಾಸಿ ತಂಡಗಳಿಗೂ ಹತ್ತಿದೆ. ಆಸೆಗೆ ನನ್ನ ತಕರಾರಿಲ್ಲ. ಆದರೆ ಅದಕ್ಕೆಂದು ಕಲ್ಯಾಣ ಮಂಟಪಗಳಲ್ಲಿ ಲೈವ್ ಮಾಡುವವರಿಂದ ಸಾಮಾನು ಬಾಡಿಗೆಗೆ ತರುವ ಯೋಚನೆ ಇದ್ದರೆ, ಮುಂಗಡ ಕೊಡುವ ಮೊದಲು ನಮ್ಮ ತಂಡದ ಪಾಡನ್ನು ಸ್ವಲ್ಪ ಕೇಳಿ. ಬಾಡಿಗೆಗೆ ಕೊಟ್ಟವರ ಹೆಸರನ್ನಾಗಲಿ ರಂಗಮಂದಿರದ ಹೆಸರನ್ನಾಗಲಿ ಬರೆಯುವುದಿಲ್ಲ. ಬರೆದರೆ ಉಳಿದವರೆಲ್ಲ ಸರಿ ಎಂದಾಗುತ್ತದೆ.

ತಂಡದಲ್ಲಿ ನನ್ನದು ಬೆಳಕಿನ ಕೆಲಸ. ನಾಟಕದಲ್ಲಿ ಒಬ್ಬ ಅಜ್ಜಿ, ಒಂದು ಹಳೆಯ ಟ್ರಂಕು, ಅದರೊಳಗೆ ಕಾಗದಗಳು. ಮೇಜಿನ ಮೇಲ್ಗಡೆ ಒಂದು ಕ್ಯಾಮೆರಾ ಅಜ್ಜಿಯ ಕೈಗಳಿಗೆ, ಒಂದು ಮುಖಕ್ಕೆ, ಪ್ರೇಕ್ಷಕರಿಗೆ ಕಾಣದ ಸೈಡ್‌ವಿಂಗ್‌ನಲ್ಲಿ ಕಟ್ಟಿದ ಪುಟ್ಟ ಅಂಚೆ ಕಚೇರಿಗೆ ಇನ್ನೊಂದು, ಮೊಮ್ಮಗಳ ಪಾತ್ರಧಾರಿ ತಾನೇ ಹಿಡಿದು ಓಡಾಡುವುದು ಮತ್ತೊಂದು. ಬಾಡಿಗೆಯವರು ಪಟ್ಟಿ ನೋಡಿ ನಕ್ಕರು. "ಸಾರ್, ಇದು ನಮಗೆ ದಿನಾ ಮಾಡುವ ಕೆಲಸ. ರಿಸೆಪ್ಷನ್‌ಗೆ ಇದಕ್ಕಿಂತ ಹೆಚ್ಚು ಕ್ಯಾಮೆರಾ ಹಾಕುತ್ತೇವೆ. ವೈರ್ ಕೂಡ ಬೇಡ, ಎಲ್ಲ ವೈರ್‌ಲೆಸ್" ಎಂದರು. ಅರ್ಧ ಹಣ ಮುಂಗಡ ಹೋಯಿತು.

ಮದುವೆ ಮನೆಯಲ್ಲಿ ಧಾರೆ ನಡೆಯುವುದು ಮಂಟಪದಲ್ಲಿ, ಎಲ್‌ಇಡಿ ಪರದೆ ಇರುವುದು ಸಭಾಂಗಣದ ಮೂಲೆಯಲ್ಲೋ ಊಟದ ಹಾಲ್‌ನಲ್ಲೋ. ಚಿತ್ರ ಅರ್ಧ ಸೆಕೆಂಡು ತಡವಾಗಿ ಬಂದರೂ ಹೋಳಿಗೆ ತಿನ್ನುವವರಿಗೆ ಗೊತ್ತಾಗುವುದಿಲ್ಲ. ನಾಟಕದಲ್ಲಿ ಪ್ರೇಕ್ಷಕರು ನಟಿಯನ್ನೂ ಅವಳ ಚಿತ್ರವನ್ನೂ ಒಂದೇ ನೋಟದಲ್ಲಿ ನೋಡುತ್ತಿರುತ್ತಾರೆ, ಅವಳ ದನಿಯನ್ನು ನೇರವಾಗಿ ಕೇಳುತ್ತಿರುತ್ತಾರೆ. ಎಲ್ಲ ಅನಾಹುತದ ಬೇರು ಇಷ್ಟೇ.

ಪ್ರದರ್ಶನದ ದಿನ ಅಜ್ಜಿ ಮಗನ ಕಾಗದವನ್ನು ಎತ್ತಿ ಹಿಡಿದು, ಒಂದು ಉಸಿರು ನಿಂತು, ಪರ್ರನೆ ಹರಿದಳು. ಹರಿದ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಅವಳ ಎರಡು ಕೈಗಳಲ್ಲಿ ಎರಡು ಚೂರು. ಹಿಂದಿನ ಪರದೆಯಲ್ಲಿ ಮಾತ್ರ ಕಾಗದ ಇನ್ನೂ ಇಡಿಯಾಗಿತ್ತು. ಆಮೇಲೆ ಸದ್ದಿಲ್ಲದೆ ಅದೂ ಹರಿಯಿತು. ಎರಡನೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾಟಕದ ಅತ್ಯಂತ ಭಾರದ ಗಳಿಗೆಗೆ ಸಿಕ್ಕ ಪ್ರತಿಕ್ರಿಯೆ ಅದು. ನಕ್ಕವರನ್ನು ದೂರಲಾರೆ, ನಾನಾದರೂ ನಗುತ್ತಿದ್ದೆ.

ಈ ವಿಳಂಬ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದಿದ್ದರೆ ಬಾಡಿಗೆಯವರ ಬಾಯಿ ಕಟ್ಟಬಹುದು. ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್) ತೆಗೆಯುವ ಕ್ಯಾಮೆರಾದಲ್ಲಿ ಒಂದು ಚೌಕಟ್ಟು ಎಂದರೆ 40 ಮಿಲಿಸೆಕೆಂಡು. ಕ್ಯಾಮೆರಾ ಒಂದೆರಡು ಚೌಕಟ್ಟು ನುಂಗುತ್ತದೆ. ಬೇರೆ ಬೇರೆ ಕ್ಯಾಮೆರಾಗಳ ಚಿತ್ರವನ್ನು ಒಂದೇ ತಾಳಕ್ಕೆ ತರಲು ಸ್ವಿಚರ್, ಅಂದರೆ ಯಾವ ಕ್ಯಾಮೆರಾದ ಚಿತ್ರ ಪರದೆಗೆ ಹೋಗಬೇಕೆಂದು ಗುಂಡಿ ಒತ್ತಿ ಬದಲಿಸುವ ಪೆಟ್ಟಿಗೆ, ಇನ್ನೊಂದನ್ನು ನುಂಗುತ್ತದೆ. ಓರೆಯಾದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಸೌಲಭ್ಯವನ್ನು ಹಾಕಿಬಿಟ್ಟರೆ ಪ್ರೊಜೆಕ್ಟರ್ ಕೂಡ ತನ್ನ ಪಾಲು ಕೇಳಬಹುದು. ಐದು ಚೌಕಟ್ಟಿಗೇ 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ ಹೋಯಿತು. ಅಗ್ಗದ ವೈರ್‌ಲೆಸ್ ಪೆಟ್ಟಿಗೆಗಳು ಚಿತ್ರವನ್ನು ಕುಗ್ಗಿಸಿ ಕಳಿಸಿ ಮತ್ತೆ ಬಿಡಿಸುವುದರಿಂದ ಇದರ ಮೇಲೆ ಇನ್ನಷ್ಟು ಸೇರುತ್ತದೆ. ಮಾತು ಮತ್ತು ಚಿತ್ರ ಎಷ್ಟು ತಪ್ಪಿದರೆ ನೋಡುಗರಿಗೆ ತಿಳಿಯುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕವೇ ಇದೆ: ಸದ್ದು ತಡವಾದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ಗೊತ್ತಾಗುವುದಿಲ್ಲ, ಸದ್ದು ಮುಂಚೆ ಬಂದರೆ 45ಕ್ಕೇ ಗೊತ್ತಾಗುತ್ತದೆ. ರಂಗಮಂದಿರದಲ್ಲಿ ಸದ್ದೇ ಮುಂಚೆ ಬರುವುದು. ತಮಾಷೆ ಏನೆಂದರೆ, ರಂಗದಿಂದ 17 ಮೀಟರ್ ದೂರದಲ್ಲಿ ಕುಳಿತವರಿಗೆ ದನಿ ತಲುಪಲು 50 ಮಿಲಿಸೆಕೆಂಡು ಬೇಕು, ಹಾಗಾಗಿ ಅವರಿಗೆ ಎಡವಟ್ಟು ಅಷ್ಟು ಕಡಿಮೆ. ಕಷ್ಟವೆಲ್ಲ ಮುಂದಿನ ಸಾಲಿನ ಗಣ್ಯರಿಗೆ!

ಅಳೆಯುವುದು ಸುಲಭ. ಒಂದು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾದ ಮುಂದೆ ಹಿಡಿಯಿರಿ. ಆ ಮೊಬೈಲ್ ಮತ್ತು ಪರದೆ ಎರಡೂ ಬರುವಂತೆ ಇನ್ನೊಂದು ಮೊಬೈಲ್‌ನಿಂದ ಫೋಟೋ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ವಿಳಂಬ. ಮಧ್ಯಾಹ್ನ ನಾನು ಹೀಗೆ ತೆಗೆದ ಫೋಟೋದಲ್ಲಿ ಕಾಲು ಸೆಕೆಂಡಿಗಿಂತ ಹೆಚ್ಚಿತ್ತು. ತೋರಿಸಿದರೆ, "ಯಾರೂ ಇಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ ಬಿಡಿ ಸಾರ್" ಎಂಬ ಉತ್ತರ ಸಿಕ್ಕಿತು. ಈ ಪರೀಕ್ಷೆಯನ್ನು ಅವರ ಗೋದಾಮಿನಲ್ಲೇ, ನೀವು ಬಳಸುವ ಅದೇ ಪ್ರೊಜೆಕ್ಟರ್ ಇಟ್ಟು ಮಾಡಿಸಿ. ಒಪ್ಪದವರಿಗೆ ಅಲ್ಲಿಯೇ ನಮಸ್ಕಾರ ಹೇಳಿ ಎದ್ದು ಬನ್ನಿ.

ವೈರ್‌ಲೆಸ್ ಕೈಕೊಟ್ಟದ್ದು ಇನ್ನೊಂದು ಕಥೆ. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ವೈಫೈ ಬಳಸುವ 5 ಗಿಗಾಹರ್ಟ್ಸ್ ಅಲೆಗಳಲ್ಲೇ ಕೆಲಸ ಮಾಡುತ್ತವೆ. ಖಾಲಿ ಸಭಾಂಗಣದಲ್ಲಿ ತಾಲೀಮು ಚೆನ್ನಾಗಿಯೇ ನಡೆಯಿತು. ಸಂಜೆ ಜನ ತುಂಬಿದರು, ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್, ಜೊತೆಗೆ ಅಲೆಗೆ ಅಡ್ಡವಾಗಿ ಅಷ್ಟೊಂದು ಮೈಗಳು. ಮೊಮ್ಮಗಳ ಕ್ಯಾಮೆರಾ ಮೊದಲು ಚೌಕ ಚೌಕವಾಗಿ ಒಡೆಯಿತು, ಆಮೇಲೆ ನೀಲಿ ಪರದೆ, ಅದರ ಮೇಲೆ ಸಂಪರ್ಕ ಇಲ್ಲ ಎಂಬ ಸೂಚನೆ. ಆ ಹುಡುಗಿ ಪಾಪ, ಅದನ್ನು ಅರಿಯದೆ ಕ್ಯಾಮೆರಾ ಹಿಡಿದು ಭಾವಪೂರ್ಣವಾಗಿ ಓಡಾಡುತ್ತಲೇ ಇದ್ದಳು.

ಕೇಬಲ್ ಎಳೆಯಿರಿ. ಅದರಲ್ಲೂ ಎಚ್‌ಡಿಎಂಐ ಎಂದರೆ ಒಪ್ಪಬೇಡಿ. ಸಾಮಾನ್ಯ ತಾಮ್ರದ ಎಚ್‌ಡಿಎಂಐ ಹತ್ತು ಹದಿನೈದು ಮೀಟರ್ ದಾಟಿದರೆ ನಂಬುವ ಹಾಗಿಲ್ಲ, ತುದಿಗೆ ಬೀಗವೂ ಇಲ್ಲ, ಯಾರ ಕಾಲಿಗಾದರೂ ಸಿಕ್ಕಿದರೆ ಕಳಚಿಕೊಳ್ಳುತ್ತದೆ. ವೃತ್ತಿಪರ ವಿಡಿಯೊ ಸಾಮಾನುಗಳಲ್ಲಿರುವ ಎಸ್‌ಡಿಐ ಸಂಪರ್ಕ ಆದರೆ ಒಳ್ಳೆಯ ಕೋಆಕ್ಸಿಯಲ್ ಕೇಬಲ್‌ನಲ್ಲಿ ನೂರು ಮೀಟರ್‌ನ ಆಸುಪಾಸಿನವರೆಗೂ ಎಚ್‌ಡಿ ಚಿತ್ರ ಹೋಗುತ್ತದೆ, ಅದರ ಬಿಎನ್‌ಸಿ ತುದಿಯನ್ನು ತಿರುಗಿಸಿ ಕೂರಿಸಿದರೆ ಎಳೆದರೂ ಬರುವುದಿಲ್ಲ. ಕ್ಯಾಮೆರಾದಲ್ಲಿ ಎಸ್‌ಡಿಐ ಇಲ್ಲದಿದ್ದರೆ ಪರಿವರ್ತಕ ಪೆಟ್ಟಿಗೆ ಬೇಕು, ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಕೇಬಲ್, ತುದಿ, ಪೆಟ್ಟಿಗೆ ಎಲ್ಲ ಸಿಗುತ್ತವೆ. ಹನುಮಂತನಗರದ ಕೆ.ಎಚ್. ಕಲಾಸೌಧದಂಥ ಚಿಕ್ಕ ರಂಗಮಂದಿರಕ್ಕೆ ಸಾಕಾದ ಕೇಬಲ್ ದೊಡ್ಡದಾದ ರವೀಂದ್ರ ಕಲಾಕ್ಷೇತ್ರಕ್ಕೆ ಸಾಲದು. ಗೋಡೆಯ ಪಕ್ಕ ಬಳಸಿಕೊಂಡು ಹೋಗುವ ದಾರಿಯನ್ನು ಟೇಪು ಹಿಡಿದು ಅಳೆದುಕೊಳ್ಳಿ.

ಇನ್ನು ನನ್ನ ಹೊಟ್ಟೆ ಉರಿಸಿದ ವಿಷಯ, ಪಟ್ಟೆಗಳು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಅದರಿಂದ ಉರಿಯುವ ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾದ ಷಟರ್, ಅಂದರೆ ಒಂದು ಚೌಕಟ್ಟಿಗೆ ಅದು ಬೆಳಕು ಹಿಡಿಯುವ ಹೊತ್ತು, 1/50 ಅಥವಾ 1/100 ಸೆಕೆಂಡು ಇದ್ದರೆ ಇದು ಕಾಣುವುದಿಲ್ಲ. ಬಾಡಿಗೆಯವರ ಕ್ಯಾಮೆರಾಗಳು ಸೆಕೆಂಡಿಗೆ 60 ಚೌಕಟ್ಟಿನ ಲೆಕ್ಕದಲ್ಲಿದ್ದವು, ಷಟರ್ ಆಟೋದಲ್ಲಿತ್ತು. ಅದನ್ನು ಸರಿಪಡಿಸಿದ ಮೇಲೂ, ರಂಗದ ಎಲ್‌ಇಡಿ ಪಾರ್ ದೀಪಗಳ ಬೆಳಕನ್ನು ನಾನು ಇಳಿಸಿದ ಹಾಗೆಲ್ಲ ಅಜ್ಜಿಯ ಮುಖದ ಮೇಲೆ ಕಪ್ಪು ಪಟ್ಟೆ ಉರುಳತೊಡಗಿತು. ಅಗ್ಗದ ಎಲ್‌ಇಡಿ ದೀಪ ಮಂದವಾಗುವುದು ಬೇಗ ಬೇಗ ಆರಿ ಹತ್ತುವ ಮೂಲಕ. ಕಣ್ಣಿಗೆ ಅದು ಮಂದ ಬೆಳಕು, ಕ್ಯಾಮೆರಾಗೆ ಪಟ್ಟೆ. ಪೂರ್ತಿ ಬೆಳಕಿನಲ್ಲಿ ನೋಡಿ ಸರಿ ಎನ್ನಬೇಡಿ, ಪ್ರತಿ ಮಟ್ಟಕ್ಕೂ ಇಳಿಸಿ ನೋಡಿ. ಕ್ಯಾಮೆರಾ ನೋಡುವ ಜಾಗಕ್ಕೆ ಹಳೆಯ ಹ್ಯಾಲೊಜನ್ ದೀಪ ಹಾಕಿದರೆ ಈ ಕಾಟ ಬಹುಮಟ್ಟಿಗೆ ಇಲ್ಲ, ಅದರ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆಟೋ ಫೋಕಸ್, ಆಟೋ ಎಕ್ಸ್‌ಪೋಷರ್ ಎರಡನ್ನೂ ಆಫ್ ಮಾಡಿಬಿಡಿ. ನಾನು ಬೆಳಕು ತಗ್ಗಿಸಿದರೆ ಕ್ಯಾಮೆರಾ ತಾನೇ ಏರಿಸಿಕೊಂಡು, ಸಂಜೆಗತ್ತಲನ್ನು ಹಗಲು ಮಾಡಿಬಿಡುತ್ತಿತ್ತು.

ಸ್ವಿಚರ್ ಹಿಡಿದ ಹುಡುಗ ಒಳ್ಳೆಯವನೇ. ಆದರೆ ಮದುವೆಯ ಅಭ್ಯಾಸ: ಎಲ್ಲಿ ಏನಾದರೂ ಅಲ್ಲಾಡಿತೋ ಅಲ್ಲಿಗೆ ಹಾರುವುದು. ಅಜ್ಜಿ ಸುಮ್ಮನೆ ಕುಳಿತ ದೃಶ್ಯದಲ್ಲಿ ಅವನಿಗೆ ಬೇಸರವಾಗಿರಬೇಕು, ಅಂಚೆ ಕಚೇರಿಯ ಕ್ಯಾಮೆರಾ ಒತ್ತಿದ. ಹನ್ನೆರಡು ಅಡಿ ಅಗಲದ ಪರದೆಯ ಮೇಲೆ ನಮ್ಮ ಪೋಸ್ಟ್‌ಮ್ಯಾನ್, ಅರ್ಧ ಮೀಸೆ ಅಂಟಿಸಿಕೊಂಡು, ಇನ್ನರ್ಧವನ್ನು ತುಟಿಯ ಮೇಲೆ ಒತ್ತಿ ಹಿಡಿದು ನೀರು ಕುಡಿಯುತ್ತಿದ್ದ. ಸ್ವಿಚರ್ ಮುಂದೆ ಕೂರುವವರು ನಿಮ್ಮ ತಂಡದವರೇ ಆಗಿರಲಿ, ತಾಲೀಮಿಗೆ ಬಂದವರಾಗಿರಲಿ, ಎಲ್ಲಿ ಯಾವ ಕ್ಯಾಮೆರಾ ಎಂಬುದನ್ನು ನಾಟಕದ ಪ್ರತಿಯ ಅಂಚಿನಲ್ಲಿ ಬರೆದುಕೊಂಡಿರಲಿ.

ಜರ್ಮನಿಯವರು ಮಾಡುವುದಿಲ್ಲವೇ ಎಂದು ನಮ್ಮ ನಿರ್ದೇಶಕರು ಈಗಲೂ ವಾದಿಸುತ್ತಾರೆ. ಮಾಡುತ್ತಾರೆ. ಬರ್ಲಿನ್‌ನ ಫೋಕ್ಸ್‌ಬ್ಯೂನೆ ರಂಗಮಂದಿರದಲ್ಲಿ ನಿರ್ದೇಶಕ ಫ್ರಾಂಕ್ ಕಾಸ್ಟೋರ್ಫ್ ನಟರನ್ನು ರಂಗದ ಮೇಲಿನ ಮುಚ್ಚಿದ ಕೋಣೆಗಳೊಳಗೆ ಬಿಟ್ಟು, ಕ್ಯಾಮೆರಾದವರನ್ನು ಅವರ ಹಿಂದೆ ಕಳಿಸಿ, ಹೊರಗೆ ಪರದೆಯಲ್ಲಿ ತೋರಿಸುತ್ತಿದ್ದರು. ನಟ ಕಣ್ಣಿಗೆ ಕಾಣದಿದ್ದಾಗ ಹೋಲಿಸಿ ನೋಡಲು ಏನೂ ಇಲ್ಲ. ದನಿಯೂ ಮೈಕ್ ಮೂಲಕವೇ ಬರುವ ಹಾಗಿದ್ದರೆ, ಚಿತ್ರದಷ್ಟೇ ವಿಳಂಬವನ್ನು ಧ್ವನಿಗೂ ಕೊಟ್ಟು ಎರಡನ್ನೂ ಕೂಡಿಸಬಹುದು. ಡಿಜಿಟಲ್ ಮಿಕ್ಸರ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ನಮ್ಮ ಅಂಚೆ ಕಚೇರಿಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ. ಎದುರಿಗೇ ಕುಳಿತು ಕಾಗದ ಹರಿಯುವ ಅಜ್ಜಿಗೆ ಹೊಂದುವುದಿಲ್ಲ. ಮುಂದಿನ ಪ್ರದರ್ಶನಕ್ಕೆ ಅವಳ ಕೈ ಮಾತ್ರ ಪರದೆಯಲ್ಲಿ ಕಾಣಲಿದೆ, ಕಾಗದ ಬಿಡಿಸಿ ಓದುವವರೆಗೆ ಮಾತ್ರ. ಹರಿಯುವ ಮೊದಲೇ ಚಿತ್ರ ಆರುತ್ತದೆ.

ಹಣದ ವಿಷಯ ಇನ್ನೂ ಬಗೆಹರಿದಿಲ್ಲ. ನೀಲಿ ಪರದೆ ಬಂದರೂ ಕ್ಯಾಮೆರಾ ಬಂದಿತ್ತಲ್ಲ ಎಂಬುದು ಬಾಡಿಗೆಯವರ ವಾದ, ಉಳಿದರ್ಧ ಕೇಳಿಕೊಂಡು ವಾರಕ್ಕೊಮ್ಮೆ ಫೋನ್ ಬರುತ್ತಿದೆ. ಒಪ್ಪಂದದ ಚೀಟಿಯಲ್ಲಿ ಕ್ಯಾಮೆರಾಗಳ ಸಂಖ್ಯೆಯ ಜೊತೆಗೆ ಕೇಬಲ್ ಯಾವುದು, ವಿಳಂಬ ಎಷ್ಟು ಮಿಲಿಸೆಕೆಂಡು ಮೀರಬಾರದು, ಪ್ರದರ್ಶನದ ನಡುವೆ ಚಿತ್ರ ನಿಂತರೆ ಎಷ್ಟು ಹಣ ಕಡಿತ, ಈ ಮೂರನ್ನೂ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.